ಆಯುಧಪೂಜೆಯ ದಿನ ಬಗ್ಗಿದ ಲಾಳ

ಹೋದ ವರ್ಷದ ಆಯುಧಪೂಜೆ. ಯಶವಂತಪುರ ಮಾರ್ಕೆಟ್ಟಿನ ಹಿಂದಿನ ರಸ್ತೆಯಲ್ಲಿ ನಮ್ಮದೊಂದು ಮುದ್ದೆ ಮೆಸ್ ಇದೆ. ಹಮಾಲಿಗಳು, ಲಾರಿ ಡ್ರೈವರುಗಳೇ ನಮ್ಮ ಗಿರಾಕಿಗಳು. ಬಡಿಸುವುದು, ಸಾಮಾನು ತರುವುದು ನನ್ನ ಗಂಡನ ಪಾಲು. ಒಲೆ ನನ್ನ ಪಾಲು. ಇಪ್ಪತ್ತೆರಡು ವರ್ಷದಿಂದ ದಿನಕ್ಕೆ ಎರಡು ಹೊತ್ತು ದೊಡ್ಡ ಪಾತ್ರೆಯಲ್ಲಿ ಮುದ್ದೆ ತಿರುವುತ್ತಿದ್ದೇನೆ. ಆಯುಧಪೂಜೆಯ ದಿನ ಮಾತ್ರ ಮುದ್ದೆ ಕೋಲಿಗೂ ರಜೆ, ಮೆಸ್ಸಿನ ಒಲೆಯಿಂದ ನನಗೂ ರಜೆ; ಮನೆಮಂದಿಯ ಅಡುಗೆ ಮಾತ್ರ ತಪ್ಪುವುದಿಲ್ಲ.

ಪೂಜೆಗೆ ಪಾತ್ರೆ, ಕೋಲು, ಈಳಿಗೆಮಣೆಯ ಜೊತೆಗೆ ನನ್ನ ಅಪ್ಪನ ಸುತ್ತಿಗೆ, ಇಕ್ಕಳ ಮತ್ತು ಒಂದು ಹಳೆಯ ಕುದುರೆ ಲಾಳವನ್ನೂ ಇಡುತ್ತೇವೆ. ಅಪ್ಪ ಕೋಗಿಲಿನವರು. ಯಲಹಂಕದ ಕಡೆ ಕುದುರೆ ಸಾಕುವವರ ಲಾಯಗಳಿಗೆ ಹೋಗಿ ಲಾಳ ಕಟ್ಟುವುದು ಅವರ ಕಸುಬಾಗಿತ್ತು. ಆ ಲಾಳ ಅವರು ಕೊನೆಯ ಬಾರಿ ಒಂದು ಕುದುರೆಯ ಕಾಲಿನಿಂದ ಬಿಚ್ಚಿದ್ದು. ಅದಾದ ಮೇಲೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತು. ಅಂದಿನಿಂದ ಅವರು ನಮ್ಮ ಜೊತೆಯಲ್ಲೇ ಇದ್ದಾರೆ.

ಕೋಗಿಲಿನಲ್ಲಿ ಅಪ್ಪನನ್ನು ‘ಲಾಳ ಬಗ್ಗಿಸೋ ಮುನಿಯಪ್ಪ’ ಎಂದೇ ಕರೆಯುತ್ತಿದ್ದರು. ಪ್ರತಿ ರಾಜ್ಯೋತ್ಸವಕ್ಕೂ ಸ್ಟೇಜಿನ ಮೇಲೆ ನಿಂತು ಬರಿಗೈಯಲ್ಲಿ ಲಾಳ ಬಗ್ಗಿಸಿ ಜನರ ಕೈಗೆ ಕೊಡುತ್ತಿದ್ದರು. ನಾನು ಮುಂದಿನ ಸಾಲಿನಲ್ಲಿ ಕೂತು, ಅವರು ನಮ್ಮಪ್ಪ ಎಂದು ಪಕ್ಕದವರಿಗೆಲ್ಲ ಹೇಳುತ್ತಿದ್ದೆ. ಕೇಳದವರಿಗೂ ಹೇಳುತ್ತಿದ್ದೆ.

ಅಂದು ಪೂಜೆ ಮುಗಿದು ಕಡ್ಲೆಪುರಿ ಹಂಚುತ್ತಿದ್ದಾಗ ಕಿರಣ ಬಂದ. ನಮ್ಮ ಮೆಸ್ಸಿನ ಮೇಲಿರುವ ಜಿಮ್‌ನಲ್ಲಿ ಅವನು ಟ್ರೇನರ್. ಅವನೂ ಕೋಗಿಲಿನವನೇ. ಲಾಳ ನೋಡುತ್ತಲೇ ಅವನ ಕೈ ಕಡಿಯತೊಡಗಿತು.

“ತಾತ, ಮೊಬೈಲಲ್ಲಿ ನೋಡಿದೀನಿ, ಹೆಂಗ್ ಬಗ್ಗಿಸ್ಬೇಕು ಅಂತ ಗೊತ್ತು. ಒಂದ್ ಕೈ ನೋಡ್ಲಾ?” ಎಂದ. ಅಪ್ಪ ನಕ್ಕು ತಲೆಯಾಡಿಸಿದರು.

ಕಿರಣ ಲಾಳವನ್ನು ಎದೆಯ ಮುಂದೆ ಹಿಡಿದು ಎಳೆದ. ಕತ್ತಿನ ನರ ಉಬ್ಬಿತು, ಮುಖ ಕೆಂಪಾಯಿತು, ಲಾಳ ಜಗ್ಗಲಿಲ್ಲ. ಪೂಜೆಗೆ ಬಂದು ಕೂತಿದ್ದ ಹಮಾಲಿಗಳು ನಗತೊಡಗಿದರು. ಅವನಿಗೆ ಅವಮಾನವಾಯಿತೋ ಏನೋ, “ಇದೆಲ್ಲ ಬರಿಗೈಲಿ ಆಗಲ್ಲ ಗುರು. ನಮ್ ತಾತ ಹೇಳ್ತಿದ್ರು, ಮುನಿಯಪ್ಪನೋರು ಲಾಳನ ಮೊದ್ಲೇ ಕಾಯ್ಸಿ ಮೆತ್ತಗ್ ಮಾಡ್ಕೊಂಡ್ ಬರ್ತಿದ್ರಂತೆ. ಹೌದಾ ತಾತ?” ಎಂದ.

ಅಪ್ಪ ತಲೆ ತಗ್ಗಿಸಿ ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡರು. ನನಗೆ ಮೈ ಉರಿದುಹೋಯಿತು.

“ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಕೊಡೋ ಇಲ್ಲಿ” ಎಂದೆ.

“ಅಕ್ಕ, ಬೇಡ, ಕೈ ಉಳುಕುತ್ತೆ” ಎಂದ ಕಿರಣ. ಗಂಡನೂ, “ಆಯುಧಪೂಜೆ ದಿನ ಆಯುಧ ಮುಟ್ಬಾರ್ದು ಕಣೇ” ಎಂದರು. ನನಗೆ ಸಿಟ್ಟು ಬಂದರೆ ಪಂಚಾಂಗ ಕಾಣುವುದಿಲ್ಲ.

ಮಸಿಬಟ್ಟೆಯನ್ನು ಎರಡಾಗಿ ಹರಿದು ಲಾಳದ ಎರಡೂ ತುದಿಗೆ ಸುತ್ತಿದೆ. ಮುದ್ದೆ ತಿರುವಲು ಕೂರುವ ಮಣೆಯ ಮೇಲೆಯೇ ಕೂತೆ. ಚಿಕ್ಕಂದಿನಲ್ಲಿ ಅಪ್ಪ ಹೇಳುತ್ತಿದ್ದ ಮಾತು ನೆನಪಾಯಿತು: “ಕೈಲಿ ಬಗ್ಗಿಸ್ಬಾರ್ದು ಕಣವ್ವ, ಎಗಲಿಂದ ಬಗ್ಗಿಸ್ಬೇಕು. ಅಲ್ಲಾಡಕ್ ಶುರುವಾದ್ ಮೇಲೆ ಬಿಡ್ಬಾರ್ದು.” ಮುದ್ದೆಯೂ ಹಾಗೆಯೇ. ಹಿಟ್ಟು ಗಟ್ಟಿಯಾದ ಮೇಲೆ ಮಣಿಕಟ್ಟಿನಿಂದ ತಿರುವಿದರೆ ಕೋಲು ಕದಲುವುದಿಲ್ಲ. ಇಡೀ ಮೈ ಹಾಕಬೇಕು. ಲಾಳದ ಒಂದು ತುದಿಯನ್ನು ತೊಡೆಗೆ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಹೆಗಲಿನ ಭಾರ ಹಾಕಿ ತಿರುಚಿದೆ. ಮೊದಲು ಏನೂ ಆಗಲಿಲ್ಲ. ಅಂಗೈ ಹರಿಯಿತೇನೋ ಅನ್ನಿಸಿತು. ಉಸಿರು ಬಿಗಿಹಿಡಿದು ಮತ್ತೆ ಮೈ ಹಾಕಿದೆ. ಲಾಳದ ನಡುವೆ, ಕುದುರೆ ಓಡಾಡಿ ಸವೆದು ತೆಳ್ಳಗಾಗಿದ್ದ ಕಡೆ, ಒಂದಿಷ್ಟು ಸಡಿಲವಾಯಿತು. ನಾನು ಬಿಡಲಿಲ್ಲ. ಅದು ತಿರುಚಿಕೊಂಡು ಹಾವಿನ ಹಾಗೆ ಡೊಂಕಾಯಿತು.

ಹಮಾಲಿಗಳು ಶಿಳ್ಳೆ ಹೊಡೆದರು. ಕಿರಣ ಲಾಳವನ್ನು ಕೈಗೆ ತಗೊಂಡು ಎಷ್ಟೋ ಹೊತ್ತು ತಿರುಗಿಸಿ ನೋಡಿದ. “ಸಾರಿ ತಾತ” ಎಂದು ಅಪ್ಪನ ಕಾಲು ಮುಟ್ಟಿದ. ನಾನು ಹೆಮ್ಮೆಯಿಂದ ಅಪ್ಪನ ಕಡೆ ನೋಡಿದರೆ, ಅವರ ಕಣ್ಣಲ್ಲಿ ನೀರು. ಆಗ ನನಗೆ ಹೊಳೆಯಿತು: ಅವರ ಕಸುಬಿನ ಕೊನೆಯ ಗುರುತನ್ನೇ ಕೆಡಿಸಿಬಿಟ್ಟಿದ್ದೆ.

ಎಲ್ಲರೂ ಹೋದ ಮೇಲೆ ಅವರ ಪಕ್ಕ ಕೂತು, “ತಪ್ಪಾಯ್ತಪ್ಪ, ನಿನ್ ಲಾಳ ಹಾಳ್ ಮಾಡ್ಬಿಟ್ಟೆ” ಎಂದೆ.

“ಅದುಕ್ಕಲ್ಲ ಕಣವ್ವ” ಎಂದರು ಅಪ್ಪ. “ಆ ಹುಡುಗ ಏಳಿದ್ದು ದಿಟ. ಹಿಂದಿನ ದಿನ ಕೆಂಪಗ್ ಕಾಯ್ಸಿ ಬೂದೀಲಿ ಊತಿಡ್ತಿದ್ದೆ. ತಣ್ಣಗ್ ಆರೋ ಒತ್ಗೆ ಮೆತ್ತಗಾಗೋದು. ನೀನ್ ಬಗ್ಸಿದ್ದು ಕಾಯ್ಸ್ದೆ ಅಂಗೇ ಇದ್ದುದ್ನ. ನನ್ ಕೈಲಿ ಯಾವತ್ತೂ ಆಗ್ಲಿಲ್ಲ.”

ಮುಂದಿನ ಸಾಲಿನಲ್ಲಿ ಕೂತು ಜಂಬ ಕೊಚ್ಚಿದ್ದೆಲ್ಲ ಕಣ್ಣ ಮುಂದೆ ಬಂತು. ಸ್ವಲ್ಪ ಬೇಜಾರಾಯಿತು, ಸುಳ್ಳೇಕೆ ಹೇಳಲಿ. ಆಮೇಲೆ ನಗು ಬಂತು. ಅಪ್ಪನೂ ನಕ್ಕರು. “ಇರ್ಲಿ ಬಿಡು, ಯಾರಿಗೂ ಹೇಳಲ್ಲ” ಎಂದೆ.

ಆದರೆ ಅಪ್ಪ ಸುಮ್ಮನಿರಲಿಲ್ಲ. ಮರುದಿನ ಊಟದ ಹೊತ್ತಿಗೆ ಮೆಸ್ ತುಂಬಿದ್ದಾಗ ಕಿರಣನನ್ನು ಹತ್ತಿರ ಕರೆದು, ಎಲ್ಲರಿಗೂ ಕೇಳುವ ಹಾಗೆ, “ನಿಮ್ ತಾತ ಸುಳ್ಳಾಡಿಲ್ಲ ಕಣಪ್ಪ. ನಂದು ಕಾಯ್ಸಿದ್ದು. ನನ್ ಮಗಳ್ದು ಕಾಯ್ಸಿದ್ದಲ್ಲ” ಎಂದುಬಿಟ್ಟರು. ಕೈಯಲ್ಲಿ ಸಾರಿನ ಸೌಟು ಹಿಡಿದು ನಿಂತಿದ್ದ ನನಗೆ, ಸ್ಟೇಜಿನ ಮೇಲೆ ಕಂಡಿದ್ದ ಅಪ್ಪನಿಗಿಂತ ಈ ಅಪ್ಪ ದೊಡ್ಡವರಾಗಿ ಕಂಡರು.

ಈ ವರ್ಷವೂ ಪೂಜೆಗೆ ಅದೇ ಡೊಂಕು ಲಾಳ ಇಟ್ಟಿದ್ದೆವು. ಅಪ್ಪ ಎಡಗೈಯಲ್ಲಿ ಅದಕ್ಕೆ ಕುಂಕುಮ ಹಚ್ಚಿದರು. ಆಮೇಲೆ, “ಕೈ ಕೊಡವ್ವ” ಎಂದು ನನ್ನ ಎರಡೂ ಕೈಗಳಿಗೆ ಹಚ್ಚಿ, “ಇವೂ ಆಯುಧಾನೇ” ಎಂದರು. “ಹಂಗಾದ್ರೆ ಇವತ್ತು ಇವಕ್ಕೂ ರಜೆ” ಎಂದು ಗಂಡ ಎದ್ದು ಅಡುಗೆಮನೆಗೆ ಹೋದರು. ಅಂದು ಮನೆಮಂದಿಗೆಲ್ಲ ಅವರದೇ ಅಡುಗೆ.