ಮೂಗಿಲ್ಲದ ಶಾರ್ಕ್

ಚನ್ನಪಟ್ಟಣದಲ್ಲಿ ಬಸ್ಸಿಳಿದು ಗೊಂಬೆ ಮಾಡುವ ಗೆಳೆಯ ಸಿದ್ದರಾಜನ ಬಳಿ ಹೋದೆ. ಅವನ ಮುಂದೆ ಗುಲಾಬಿ ಬಣ್ಣದ ಮರದ ಮೀನಿತ್ತು. ಆಳ ಸಮುದ್ರದ ಗಾಬ್ಲಿನ್ ಶಾರ್ಕ್ ಅಂತೆ. ಅದನ್ನು ಮಾಡಲು ಹೇಳಿದ್ದ ಮ್ಯೂಸಿಯಂನವರು ಸರಿಯಿಲ್ಲವೆಂದು ವಾಪಸ್ ಕಳಿಸಿದ್ದರು. ಇವತ್ತೇ ಸರಿಮಾಡದಿದ್ದರೆ ಆರ್ಡರ್ ಕೈತಪ್ಪುತ್ತದೆ.

"ಮೂಗು ಚೂಪಾಗಿತ್ತು. ಮಕ್ಳಿಗೆ ಚುಚ್ಕತದೆ ಅಂತ ಉಜ್ಜಿ ದುಂಡಗೆ ಮಾಡ್ಬುಟ್ಟೆ ಕಣ್ಲಾ" ಎಂದ ಸಿದ್ದರಾಜ. ಇಲ್ಲಿನ ಗೊಂಬೆಗಳಿಗೆಲ್ಲ ಹಾಗೇ ಮಾಡುತ್ತಾರೆ.

ಮೊಬೈಲಿನಲ್ಲಿ ನಿಜವಾದ ಶಾರ್ಕ್ ತೋರಿಸಿದ. ಕತ್ತಿಯಂಥ ಮೂಗಿನ ಕೆಳಗಿಂದ ದವಡೆಯೇ ಮುಂದಕ್ಕೆ ಹಾರಿ ಬಂದು ಒಂದು ಮೀನನ್ನು ಕಚ್ಚಿತು. ನಾನು ಬೆಂಚು ಬಿಟ್ಟು ಎದ್ದೆ.

"ಕೂತ್ಕಳ್ಲಾ, ಮೊಬೈಲಿಂದ ಆಚೆ ಬರಾಕಿಲ್ಲ. ಕೋಟ್ಯಂತರ ವರ್ಷದಿಂದ ಇಂಗೇ ಐತಂತೆ. ಮೂಗು ಕೊಯ್ಯಾಕೆ ನಾನ್ಯಾರ್ಲಾ?" ಎನ್ನುತ್ತಾ ಹೊಸ ಮರ ಕಡೆಯತೊಡಗಿದ.

ಮುಗಿದ ಮೇಲೆ ಚೂಪು ಮೂಗಿನ ಹೊಸ ಶಾರ್ಕನ್ನು ನನ್ನ ಕೈಯಲ್ಲಿಟ್ಟ. ಬರೀ ಮರ. ಆದರೂ ಅದರ ಬಾಯಿಯ ಹತ್ತಿರ ಬೆರಳಿಡಲು ಆಗಲಿಲ್ಲ.