ಮೂಗಿಲ್ಲದಾಕೆಗೆ ನಾನು ಬರೆದ ಮೂಗು

ನಮ್ಮ ಮನೆಯಲ್ಲಿ ಭಿನ್ನವಾದ ದೇವರನ್ನು ಇಟ್ಟುಕೊಳ್ಳುವುದಿಲ್ಲ. ಫೋಟೋದ ಗಾಜು ಒಂದೆಳೆ ಸೀಳಿದರೂ ಸಾಕು, ನಮ್ಮ ಅತ್ತೆ ಅದನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ, ಕೈಮುಗಿದು, ಹೊಳೆದಂಡೆಯ ಅರಳಿಮರದ ಬುಡದಲ್ಲಿ ಇಟ್ಟು ಬರುತ್ತಾರೆ. ನಾನು ಕಂಪ್ಲಿಗೆ ಸೊಸೆಯಾಗಿ ಬಂದ ಮೇಲೆ ಹೀಗೆ ನಾಲ್ಕು ದೇವರು ಮನೆ ಬಿಟ್ಟು ಹೋಗಿದ್ದಾರೆ. ಅದರಲ್ಲಿ ಎರಡು ನನ್ನ ಕೈಯಿಂದಲೇ ಬಿದ್ದವು. ಅತ್ತೆ ಬೈಯಲಿಲ್ಲ. ಆ ಎರಡು ದಿನ ಸಾರಿಗೆ ಉಪ್ಪು ಕಡಿಮೆ ಎಂದರು, ಅಷ್ಟೇ.

ಇದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು. ಇಲ್ಲದಿದ್ದರೆ ನನ್ನ ಮಗಳು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಚಿತ್ರ ನಮ್ಮ ಮನೆಯ ಹೊಸ್ತಿಲು ದಾಟಲಿಕ್ಕೆ ಯಾಕೆ ಒಂದು ವಾರ ತೆಗೆದುಕೊಂಡಿತು ಎಂಬುದು ಯಾರಿಗೂ ತಿಳಿಯುವುದಿಲ್ಲ.

ಕಮಲಾಪುರದ ಆಚೆ, ಹಳೆಯ ಅಕ್ಕಿ ಗಿರಣಿಯ ಗೋದಾಮನ್ನು ಸುಣ್ಣ ಬಳಿದು ಸರಿಮಾಡಿ ಒಂದು ಸಣ್ಣ ಮ್ಯೂಸಿಯಂ ಮಾಡಿದ್ದರು. ಸುತ್ತಮುತ್ತ ಹೊಲ ಉಳುವಾಗ, ಬಾವಿ ತೋಡುವಾಗ ಸಿಕ್ಕ ಕಲ್ಲಿನ ಮೂರ್ತಿಗಳೆಲ್ಲ ಅಲ್ಲಿದ್ದವು. ನಮ್ಮೂರ ಶಾಲೆಯ ಮಕ್ಕಳನ್ನು ಸಾಲಾಗಿ ಮೂರು ಶನಿವಾರ ಅಲ್ಲಿಗೆ ಕರೆದುಕೊಂಡು ಹೋಗುವುದೆಂದು ಟೀಚರ್ ಹೇಳಿಕಳಿಸಿದರು. ಮೊದಲ ವಾರ ಸುಮ್ಮನೆ ನೋಡುವುದು. ಎರಡನೇ ವಾರ ಪ್ರತಿ ಮಗುವೂ ಒಂದೊಂದು ಮೂರ್ತಿಯನ್ನು ಆರಿಸಿಕೊಂಡು ಚಿತ್ರ ಬರೆಯುವುದು. ಮೂರನೇ ವಾರ ಆ ಮೂರ್ತಿಯ ಪಕ್ಕ ಚಿತ್ರ ಹಿಡಿದು ನಿಂತು, ಎಲ್ಲರ ಮುಂದೆ ಅದರ ಬಗ್ಗೆ ಹೇಳುವುದು. ಅಲ್ಲಿ ಮಕ್ಕಳಿಗೆ ಕಲಿಸುವವಳು ಸಂಡೂರಿನ ಒಬ್ಬ ಹುಡುಗಿ. ಮಕ್ಕಳೆಲ್ಲ ಅವಳನ್ನು ಮ್ಯೂಸಿಯಂ ಅಕ್ಕ ಎನ್ನುತ್ತಿದ್ದರು.

ನಾವು ಹಂಪಿಗೆ ಹೋದರೆ ವಿರೂಪಾಕ್ಷನ ದರ್ಶನ ಮಾಡಿ, ಬಜಾರಿನಲ್ಲಿ ಉಪ್ಪು ಖಾರ ಹಚ್ಚಿದ ಸೌತೆಕಾಯಿ ತಿಂದು ಬಸ್ಸು ಹತ್ತುವವರು. ಗುಡಿಯ ಸುತ್ತಲಿನ ಕಲ್ಲುಗಳನ್ನು ನಿಂತು ನೋಡಿದವರಲ್ಲ. ಆದರೆ ಮಗಳು ಎರಡನೇ ಶನಿವಾರ ಸಂಜೆ ಪ್ಲಾಸ್ಟಿಕ್ ಕವರಿನಲ್ಲಿ ದಪ್ಪ ಹಾಳೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು, ಎಳೆಗೂಸನ್ನು ತರುವವಳ ಹಾಗೆ ಓಣಿಯಲ್ಲಿ ನಡೆದು ಬಂದಳು. ಅವಳು ಆರಿಸಿಕೊಂಡದ್ದು ಒಂದು ಹೆಣ್ಣಿನ ಮೂರ್ತಿ. ಮೂಗಿಲ್ಲ, ಎರಡೂ ಕೈ ಭುಜದ ಕೆಳಗೆ ಮುರಿದಿವೆ. ಸೀರೆಯ ಒಂದೊಂದು ನೆರಿಗೆಯನ್ನೂ ಬಿಡದೆ ಬರೆದಿದ್ದಳು.

ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದ ಅತ್ತೆ ಕತ್ತೆತ್ತಿ ನೋಡಿದರು.

"ನಿಂದ್ರು. ಏನದು?"

"ನನ್ನ ಮೂರ್ತಿ, ಅಜ್ಜಿ."

"ಮೂಗೆಲ್ಲೈತಿ?"

"ಮುರದೈತಿ."

"ಕೈ?"

"ಅವೂ ಮುರದಾವು."

"ಭಿನ್ನ ಆದ ದೇವರನ್ನ ಒಳಗ ತರ್ತಿಯೇನಲೇ? ಅಲ್ಲೇ ಇಡು. ಮೂಗು, ಕೈ ಬರದು ಆಮ್ಯಾಲೆ ತಾ."

"ಇದ್ದದ್ದು ಇದ್ದಂಗ ಬರೀಬೇಕಂತ ಅಕ್ಕ ಹೇಳ್ಯಾರ!"

"ಆಕೀಗೆ ಮನಿ ಇಲ್ಲೇನು, ದೇವರ ಜಗಲಿ ಇಲ್ಲೇನು? ಹೇಳ್ತಾಳಂತ ಹೇಳ್ತಾಳ."

ಇಬ್ಬರೂ ಒಂದೇ ಬಳ್ಳಿಯವರು, ಬಗ್ಗುವವರಲ್ಲ. ಚಿತ್ರ ಹೊರಗಿನ ಕಟ್ಟೆಯ ಮೇಲೆ, ಸೈಕಲ್ಲಿನ ಹಿಂದೆ ಉಳಿಯಿತು. ಎದುರುಮನೆಯ ಮೇಕೆ ಆ ಕಡೆಯೇ ನೋಡುತ್ತ ನಿಂತಿರುತ್ತಿತ್ತು. ಅದು ನಮ್ಮ ಮನೆಯ ಕರೆಂಟ್ ಬಿಲ್ಲನ್ನು ತಿಂದ ಮೇಕೆ. ಬಾಯಿ ಹಾಕೀತೆಂದು ಮಗಳು ಶಾಲೆಗೆ ಹೋಗುವಾಗಲೆಲ್ಲ ನನ್ನಿಂದ ಭಾಷೆ ತೆಗೆದುಕೊಳ್ಳುತ್ತಿದ್ದಳು.

ಬುಧವಾರ ಮಧ್ಯಾಹ್ನ ಅತ್ತೆ ಮಲಗಿದ್ದರು, ಮೇಕೆ ಕಟ್ಟೆಯ ಮೇಲೆ ಮುಂಗಾಲಿಟ್ಟಿತ್ತು. ನಾನು ಅದನ್ನು ಓಡಿಸಿ, ಹಾಳೆಯನ್ನು ಕೈಗೆ ತೆಗೆದುಕೊಂಡೆ. ರಂಗೋಲಿಯಲ್ಲಿ ಓಣಿಗೇ ನನ್ನದು ಒಳ್ಳೆಯ ಕೈ ಎಂದು ಹೆಸರಿದೆ. ಒಂದು ಮೂಗು, ಎರಡು ಕೈ. ಎಷ್ಟರ ಕೆಲಸ? ಅತ್ತೆಯ ಮಾತೂ ನಡೆಯುತ್ತದೆ, ಚಿತ್ರವೂ ಒಳಗೆ ಬರುತ್ತದೆ, ಮೇಕೆಯ ಕಾಟವೂ ತಪ್ಪುತ್ತದೆ. ದೇವರೇ ಈ ಬುದ್ಧಿ ಕೊಟ್ಟನೆಂದುಕೊಂಡು ಪೆನ್ಸಿಲ್ ತಂದು ಕೂತೆ. ಕ್ಯಾಲೆಂಡರಿನ ಲಕ್ಷ್ಮಿಯನ್ನು ನೋಡಿ ಚೆಂದದ ಮೂಗು ಬರೆದೆ, ನತ್ತು ಸಹಿತ. ಒಂದು ಕೈಯಲ್ಲಿ ಕಮಲ ಕೊಟ್ಟೆ, ಇನ್ನೊಂದರಲ್ಲಿ ಅಭಯ. ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. ಬರಿಹಣೆ ಯಾಕೆಂದು ಭರಣಿಯಿಂದ ಚಿಟಿಕೆ ಕುಂಕುಮ ತಂದು ಹಚ್ಚಿದೆ.

ಅತ್ತೆ ಎದ್ದು ನೋಡಿ, "ಈಗ ಲಕ್ಷಣ ಬಂತು ನೋಡು" ಎಂದರು. ಚಿತ್ರ ಒಳಗೆ ಬಂದು ಡಬ್ಬಿ ಸಾಲಿನ ಮೇಲೆ ಕೂತಿತು.

ಮಗಳು ಶಾಲೆಯಿಂದ ಬಂದು ಅದರ ಮುಂದೆ ನಿಂತಳು. "ಅವ್ವಾ, ಯಾರಿದು?" ಎಂದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಹಗುರಾಗುತ್ತಿತ್ತು. ರಬ್ಬರ್ ತೆಗೆದುಕೊಂಡು ಉಜ್ಜಿದಳು. ಕಮಲ ಹೋಯಿತು, ಅಭಯ ಹೋಯಿತು. ನಾನು ಒತ್ತಿ ಬರೆದ ಮೂಗು ಮಾತ್ರ ಹೋಗದೆ, ಉಜ್ಜಿ ಉಜ್ಜಿ ಅಲ್ಲಿ ಹಾಳೆಯೇ ತೂತಾಯಿತು. ಕುಂಕುಮ ಹಣೆಯಿಂದ ಕೆನ್ನೆಯತನಕ ಹರಡಿತು. ಒಬ್ಬರಿಗೆ ಒಂದೇ ಹಾಳೆ ಎಂದು ಮ್ಯೂಸಿಯಮ್ಮಿನಲ್ಲಿ ಹೇಳಿದ್ದರಂತೆ. ಅಂಥ ದಪ್ಪ ಹಾಳೆ ಹೊಸಪೇಟೆಯಲ್ಲಿ ಸಿಗಬಹುದು, ಆದರೆ ಹಾಳೆ ಸಿಕ್ಕರೂ ಮೂರ್ತಿ ಎದುರಿಗಿಲ್ಲ.

"ಶನಿವಾರ ನಾ ಹೋಗಂಗಿಲ್ಲ," ಎಂದು ಹೇಳಿ ಚಿತ್ರವನ್ನು ಮತ್ತೆ ಕವರಿಗೆ ಹಾಕಿ, ತಾನೇ ಹೊರಗಿನ ಕಟ್ಟೆಯ ಮೇಲೆ ಇಟ್ಟು ಬಂದಳು. ಆ ರಾತ್ರಿ ಊಟಕ್ಕೂ ಏಳಲಿಲ್ಲ. ಶಾಲೆಯಲ್ಲಿ ಯಾವುದಕ್ಕೂ ಮುಂದೆ ಬರದ ಹುಡುಗಿ ಆ ನಾಲ್ಕು ದಿನ ಪಾತ್ರೆ ತೊಳೆಯುವಾಗಲೂ "ಇಕಿ ಹೆಸರು ಯಾರಿಗೂ ಗೊತ್ತಿಲ್ಲ" ಎಂದು ಭಾಷಣ ಹೇಳಿಕೊಳ್ಳುತ್ತಿದ್ದಳು. ಅದನ್ನು ನಾನೇ ಕೈಯಾರೆ ಅಳಿಸಿದ್ದೆ.

ಮರುದಿನ ಶಾಲೆಗೆ ಹೋಗಿ ಟೀಚರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ನಗು ತಡೆದುಕೊಂಡದ್ದು ನನಗೆ ಕಾಣಿಸಿತು. "ಹೆಂಗೂ ಮಕ್ಕಳ ಸಂಗಡ ಇಬ್ಬರು ಹೆಣ್ಣುಮಕ್ಕಳು ಬೇಕಾಗ್ಯಾರ. ನೀವೇ ಬರ್ರಿ, ಮಗಳನ್ನೂ ಕರಕೊಂಡು ಬರ್ರಿ," ಎಂದರು. ಇನ್ನೊಬ್ಬರು ಯಾರೆಂದು ನಾನು ಯೋಚಿಸುವ ಮೊದಲೇ ಮನೆಯಲ್ಲಿ ಅತ್ತೆ ಹೇಳಿದರು: "ನಾನೂ ಬರ್ತೀನಿ. ನನ್ನ ಮೊಮ್ಮಗಳ ಊಟ ಬಿಡಿಸಿದ ಕಲ್ಲು ಯಾವುದು, ನೋಡೇಬಿಡ್ತೀನಿ."

ಅಜ್ಜಿ ಬಸ್ಸು ಹತ್ತಿದರೆ ಇಳಿಸಿಕೊಳ್ಳಲು ಒಂದು ಕೈ ಬೇಕು. ಆ ಒಂದು ಕಾರಣಕ್ಕೆ ಮಗಳು ಬಂದಳು. ಚಿತ್ರವನ್ನು ನಾನು ಊಟದ ಚೀಲದಲ್ಲಿ, ಮಂಡಕ್ಕಿ ಡಬ್ಬಿಯ ಪಕ್ಕ ಸದ್ದಿಲ್ಲದೆ ಇಟ್ಟುಕೊಂಡೆ. ದೇವರು ದೊಡ್ಡವನು: ಕಿಟಕಿ ಪಕ್ಕ ಸೀಟು ಸಿಕ್ಕಿತು, ದಾರಿಯುದ್ದಕ್ಕೂ ಬಾಳೆ, ಕಬ್ಬಿನ ಹಸಿರು, ಮತ್ತು ಒಂದು ಮಗುವೂ ವಾಂತಿ ಮಾಡಿಕೊಳ್ಳಲಿಲ್ಲ.

ಮ್ಯೂಸಿಯಮ್ಮಿನ ಬಾಗಿಲಲ್ಲಿ ಅತ್ತೆ ಚಪ್ಪಲಿ ಬಿಟ್ಟರು. ಅವರನ್ನು ನೋಡಿ ನಾನೂ ಬಿಟ್ಟೆ, ನಮ್ಮಿಬ್ಬರನ್ನು ನೋಡಿ ಮಕ್ಕಳೂ ಬಿಟ್ಟವು. ಕಾವಲುಗಾರ ಓಡಿ ಬಂದ.

"ಅಮ್ಮಾ, ಇದು ಗುಡಿ ಅಲ್ರಿ, ಹಾಕ್ಕೊಂಡೇ ಬರ್ರಿ."

"ಒಳಗ ಯಾರದಾರಪ್ಪ?"

"ಮೂರ್ತಿ ಅದಾವ್ರಿ. ಗಣಪತಿ, ವೀರಭದ್ರ..."

"ಮತ್ತ? ವೀರಭದ್ರನ ಮುಂದ ಚಪ್ಪಲಿ ಹಾಕ್ಕೊಂಡು ನೀನು ನಿಂದ್ರು. ನನಗ ಧೈರ್ಯ ಇಲ್ಲ."

ಅವನೂ ಒಮ್ಮೆ ತನ್ನ ಬೂಟಿನ ಕಡೆ ನೋಡಿಕೊಂಡ. ಆದರೆ ಮೂರ್ತಿಗಳಲ್ಲಿ ಅರ್ಧ ಇದ್ದದ್ದು ಹಿಂದಿನ ಬಯಲಂಗಳದಲ್ಲಿ, ಅಂಗಳಕ್ಕೆಲ್ಲ ಬಂಡೆ ಹಾಸಿದ್ದರು, ಕಾಲ ಮಾರ್ಚ್ ತಿಂಗಳು. ಎರಡು ಹೆಜ್ಜೆ ಇಟ್ಟದ್ದೇ ಇಡೀ ಶಾಲೆ ಕುಣಿಯತೊಡಗಿತು. ಒಂದು ಕಾಲು ಎತ್ತಿದರೆ ಇನ್ನೊಂದು ಸುಡುತ್ತದೆ. ಟೀಚರೂ ಕುಣಿದರು. ಕೊನೆಗೆ ಮ್ಯೂಸಿಯಂ ಅಕ್ಕ ಗಿಡಕ್ಕೆ ನೀರು ಬಿಡುವ ಪೈಪು ಎಳೆದು ತಂದು ಅಂಗಳವನ್ನೆಲ್ಲ ತೋಯಿಸಿ, "ನಾಳಿಯಿಂದ ಇಲ್ಲೊಂದು ಚಪ್ಪಲಿ ಸ್ಟ್ಯಾಂಡು ಮಾಡಿಸೋದೇ ಚಲೋ," ಎಂದಳು.

ಒಬ್ಬೊಬ್ಬರೇ ಮಕ್ಕಳು ತಮ್ಮ ಮೂರ್ತಿಯ ಪಕ್ಕ ನಿಂತು ಹೇಳಿದವು. ಗಣಪತಿಯ ಹುಡುಗ, "ಇವರ ಹೊಟ್ಟಿ ಮುಟ್ಟಬಾರದು, ಬೋರ್ಡ್ ಹಾಕ್ಯಾರ," ಎಂದಷ್ಟೇ ಹೇಳಿ ಓಡಿದ. ಎಲ್ಲರೂ ಚಪ್ಪಾಳೆ ಹೊಡೆದರು. ನನ್ನ ಮಗಳ ಸರದಿ ಬಂದಾಗ ಅವಳು ಕಂಬದ ಹಿಂದಿದ್ದಳು.

"ನಂದು ಹಾಳಾಗೈತ್ರಿ ಅಕ್ಕಾ."

ಹತ್ತು ಜನರ ಮುಂದೆ ಮಾತಾಡಿ ನನಗೂ ರೂಢಿಯಿಲ್ಲ. ಒಳಗೊಳಗೇ ಶಿವನನ್ನು ನೆನೆದು ಚೀಲದಿಂದ ಚಿತ್ರ ತೆಗೆದೆ. "ಹಾಳು ಮಾಡಿದಾಕಿ ನಾನ್ರಿ. ಮೂಗಿಲ್ಲ ಅಂತ ಮೂಗು ಬರೆದೆ. ಆಕಿ ತಪ್ಪಿಲ್ಲ," ಎಂದೆ.

ಮಕ್ಕಳು ಹೋ ಎಂದು ನಕ್ಕವು. ಮ್ಯೂಸಿಯಂ ಅಕ್ಕ ಹಾಳೆಯನ್ನು ಎತ್ತಿ ಹಿಡಿದಳು. ಮೂಗಿನ ತೂತಿನಿಂದ ಬಿಸಿಲು ಒಂದು ಕಾಳಿನಷ್ಟು ಬಿದ್ದು ಅವಳ ಕೈಮೇಲೆ ನಿಂತಿತು. "ಆ ಮೂರ್ತಿ ಮೂಗು ಯಾರು ಮುರದ್ರು ಅಂತ ನನಗ ಗೊತ್ತಿಲ್ಲ. ನಿನ್ನ ಚಿತ್ರದ್ದು ಯಾರು ಮುರದ್ರು ಅಂತ ನಿನಗ ಗೊತ್ತೈತಿ. ಅದನ್ನೂ ಸೇರಿಸಿ ಹೇಳು, ಬಾ," ಎಂದಳು.

ಮಗಳು ನನ್ನನ್ನು ಒಮ್ಮೆ ನೋಡಿದಳು. ಬಂದಳು.

"ಇಕಿ ಹೆಸರು ಯಾರಿಗೂ ಗೊತ್ತಿಲ್ಲ," ಎಂದು ಶುರು ಮಾಡಿದಳು. ಪಾತ್ರೆ ತೊಳೆಯುವಾಗ ಹೇಳಿಕೊಂಡದ್ದೆಲ್ಲ ಬಂತು. ಹೊಲದಲ್ಲಿ ಸಿಕ್ಕದ್ದು, ನೆರಿಗೆಗಳು, ಕಾಲಂದುಗೆ. "ಈ ಕುಂಕುಮ ನಮ್ಮವ್ವಂದು," ಎಂದಾಗ ಮತ್ತೆ ನಕ್ಕರು, ಈ ಸಲ ಅವಳೂ ನಕ್ಕಳು. "ಸೊಂಟ ಒಂದು ಕಡೆ ವಾಲೈತಿ, ಅದಕ್ಕ ಇಕಿ ಕುಣಿಯಾಕಿ ಅಂತ ಬೋರ್ಡಿನ ಮ್ಯಾಲೆ ಬರದಾರ."

"ಯಾರಂದ್ರು ಕುಣಿಯಾಕಿ ಅಂತ?"

ಅತ್ತೆ. ಅಷ್ಟು ಹೊತ್ತೂ ದೂರ ನಿಂತಿದ್ದವರು ಒದ್ದೆ ಬಂಡೆಯ ಮೇಲೆ ನಡೆದು ಮೂರ್ತಿಯ ಹತ್ತಿರ ಬಂದಿದ್ದರು. ಕೆಳಗಿನಿಂದ ಮೇಲಿನವರೆಗೆ, ಬೀಗತಿಯನ್ನು ನೋಡುವ ಹಾಗೆ ನೋಡಿದರು. ನನ್ನ ಕೈಯಿಂದ ಊಟದ ಚೀಲ ಕಸಿದು ಎಡಸೊಂಟದ ಮೇಲೆ ಇಟ್ಟುಕೊಂಡು ಮೂರ್ತಿಯ ಪಕ್ಕ ನಿಂತರು. ಅದೇ ವಾಲು, ಅದೇ ಮಡಿಸಿದ ಬಲಮೊಣಕಾಲು, ಎಲ್ಲ ಭಾರವೂ ಎಡಗಾಲಿನ ಮೇಲೆ.

"ಇಕಿ ಸೊಂಟದಾಗ ಕೂಸಿತ್ತು. ಕೈ ಮುರಿದಾಗ ಅದೂ ಹೋಗೈತಿ. ಹಡದಾಕಿ ಯಾರರ ಇದ್ರ ಹೇಳ್ರಿ, ಕುಣಿಯಾಕಿ ಹಿಂಗ ನಿಂದ್ರತಾಳೇನು?"

ಟೀಚರ್ ತಲೆಯಾಡಿಸಿದರು. ನಾನೂ ಆಡಿಸಿದೆ. ಮಗಳು ಮಾತ್ರ ಕೂತು ಬಗ್ಗಿ ಮೂರ್ತಿಯ ತೊಡೆಯ ಹತ್ತಿರ ಕಣ್ಣಿಟ್ಟು, "ಅಕ್ಕಾ, ಇಲ್ಲಿ ನೋಡ್ರಿ!" ಎಂದು ಚೀರಿದಳು. ಸೀರೆಯ ಅಂಚಿನ ಮೇಲೆ ಹುಣಸೆಬೀಜದಷ್ಟು ಉಬ್ಬು, ಅದರ ತುದಿಗೆ ಸಾಲಾಗಿ ಐದು ಗುಳ್ಳೆ. ಒಂದು ಪುಟ್ಟ ಪಾದ ಅಲ್ಲಿಯೇ ಉಳಿದಿತ್ತು.

"ನಾ ಇಷ್ಟು ದಿನ ಇದನ್ನ ಹೂವಿನ ಮೊಗ್ಗು ಅಂತ ಹೇಳ್ಕೋತ ಬಂದೀನಿ," ಎಂದು ಮ್ಯೂಸಿಯಂ ಅಕ್ಕ ಮೊಣಕಾಲೂರಿ ಕೂತೇಬಿಟ್ಟಳು. ಮಗಳು ಅವಳ ಕೈಯಿಂದ ಹಾಳೆ ಇಸಿದುಕೊಂಡು, ಯಾರ ಪೆನ್ಸಿಲ್ಲನ್ನೋ ತೆಗೆದುಕೊಂಡು, ಇದ್ದದ್ದನ್ನು ಇದ್ದ ಹಾಗೆ ಐದು ಬೆರಳು ಬರೆದಳು. ಅಜ್ಜಿಯ ಮಾತಿನಂತೆ ಚಿತ್ರಕ್ಕೆ ಏನೋ ಸೇರಿತು, ಅಕ್ಕನ ಮಾತೂ ಮುರಿಯಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಮಗಳು ಮೆಲ್ಲಗೆ ಕೇಳಿದಳು: "ಅಜ್ಜೀ, ಚಿತ್ರ ಎಲ್ಲಿಡ್ಲಿ?"

"ಒಳಗ."

"ಭಿನ್ನ ಅಲ್ಲೇನು?"

"ದೇವರಾದ್ರ ಭಿನ್ನ. ಇಕಿ ನಮ್ಮಂಥ ಹೆಣ್ಣುಮಗಳು. ಮೂಗು ಹೋದ್ರ ಮನಿ ಬಿಟ್ಟು ಕಳಸ್ತಾರೇನು?" ಎಂದ ಅತ್ತೆ, ಕಿಟಕಿ ಕಡೆ ತಿರುಗಿ, "ದೇವರ ಜಗಲಿ ಮ್ಯಾಲೆ ಮಾತ್ರ ಬ್ಯಾಡ," ಎಂದರು.

ಈಗ ಅದು ನಮ್ಮ ಅಡುಗೆಮನೆಯಲ್ಲಿ, ಮಿಕ್ಸಿಯ ಮೇಲಿನ ಗೋಡೆಯಲ್ಲಿದೆ. ಮೂಗಿನ ತೂತಿನಲ್ಲಿ ಗೋಡೆಯ ಹಸಿರು ಬಣ್ಣ ಕಾಣುತ್ತದೆ, ಕೆನ್ನೆಯ ಕುಂಕುಮ ಹಾಗೇ ಇದೆ. ಮೇಕೆ ತಿನ್ನಲಿಲ್ಲ, ಯಾರ ಕಾಲಿಗೂ ಬೊಬ್ಬೆ ಏಳಲಿಲ್ಲ, ಮಗಳು ಆ ಸಂಜೆ ಎರಡು ಸಲ ಅನ್ನ ಹಾಕಿಸಿಕೊಂಡಳು. ದೇವರಲ್ಲಿ ನಾನು ಇದಕ್ಕಿಂತ ಹೆಚ್ಚು ಕೇಳಿರಲಿಲ್ಲ.

ತಿಂಗಳಾದ ಮೇಲೆ ಮ್ಯೂಸಿಯಂ ಅಕ್ಕ ಟೀಚರಿಗೆ ಫೋನ್ ಮಾಡಿ, ತಿಳಿದವರು ಬಂದು ನೋಡಿ ಮೂರ್ತಿಯ ಬೋರ್ಡ್ ಬದಲಿಸಿದ್ದಾರೆಂದು ಹೇಳಿದಳಂತೆ. "ತಾಯಿ ಮತ್ತು ಮಗು ಇರಬಹುದು" ಎಂದು ಬರೆದಿದ್ದಾರಂತೆ. ಮಗಳು ಓಡಿ ಬಂದು ಅಜ್ಜಿಗೆ ಸುದ್ದಿ ಮುಟ್ಟಿಸಿದಳು.

ಅತ್ತೆ ಮೊರ ಕೆಳಗಿಟ್ಟರು.

"ಇರಬಹುದಂತ! ಮೂರು ಹಡದಾಕಿ ನಾ ಹೇಳೀನಿ, ಇರಬಹುದಂತ! ಮುಂದಿನ ಶನಿವಾರ ಬಸ್ಸು ಎಷ್ಟೊತ್ತಿಗೆ ಐತಿ ಕೇಳಲೇ."