ಪ್ರಮೀಳಾಳ ಕೊನೆಯ ಪೇಪರು

ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಮೂವತ್ತೆರಡು ವರ್ಷ ಕುದುರೆಗಳ ಮೈ ತಿಕ್ಕಿದ ರಾಮಾಂಜಿನಯ್ಯ ಎರಡೇ ದಿನದಲ್ಲಿ ಕಂಪ್ಯೂಟರ್ ಆಟ ಕಲಿತ ಎಂದರೆ ಊರವರು ನಗುತ್ತಾರೆ. ನಗಲಿ. ಆ ಆಟದಲ್ಲಿ ಗುಂಡು ಹೊಡೆಯುವುದಿಲ್ಲ, ಕಾರು ಓಡಿಸುವುದಿಲ್ಲ. ಒಂದು ಮನೆ, ಮನೆಯೊಳಗೆ ಒಂದು ಜೀವ. ಅದಕ್ಕೆ ಹಸಿವಾದರೆ ಹಸಿರು ಪಟ್ಟಿಯೊಂದು ಕೆಂಪಗಾಗುತ್ತದೆ. ನಿದ್ದೆ ಬಂದರೆ ಇನ್ನೊಂದು, ಬೇಸರವಾದರೆ ಮತ್ತೊಂದು. ಉಣ್ಣಿಸಬೇಕು, ಮೀಯಿಸಬೇಕು, ಮಲಗಿಸಬೇಕು. ಕಿವಿ ಬಾಗಿದ್ದು ನೋಡಿಯೇ ಕುದುರೆಯ ಹೊಟ್ಟೆನೋವು ಹೇಳುತ್ತಿದ್ದವನಿಗೆ ಇದೇನು ಬ್ರಹ್ಮವಿದ್ಯೆಯೇ?

ಆ ಜೀವದ ಹೆಸರು ಪ್ರಮೀಳಾ. ಅವನ ಮಗಳ ಹೆಸರೂ ಅದೇ. ಮಗಳೇ ತನ್ನ ಕೋಲುಮುಖ, ತನ್ನ ಗುಂಗುರು ಕೂದಲು ಕೊಟ್ಟು ಮಾಡಿಕೊಂಡಿದ್ದ ಬೊಂಬೆ ಅದು. ತುಮಕೂರಿನ ಹಾಸ್ಟೆಲಿನಲ್ಲಿದ್ದು ಬಿ.ಎ. ಇತಿಹಾಸ ಓದುತ್ತಿದ್ದ ಹುಡುಗಿಗೆ ಕೊನೆಯ ವರ್ಷದಲ್ಲಿ ಡೆಂಗಿ ಜ್ವರ ಬಂತು. ಆರು ದಿನಕ್ಕೆ ಹೋಗಿಬಿಟ್ಟಳು. ರಾಮಾಂಜಿನಯ್ಯನ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ.

ಕರ್ಮಾಂತರವೆಲ್ಲ ಮುಗಿದ ಮೇಲೆ, ಜೊತೆಯಲ್ಲಿ ಓದುತ್ತಿದ್ದ ಗುಬ್ಬಿಯ ಕೋಮಲಾ ಅವಳ ಬಟ್ಟೆ, ನೋಟ್ಸು, ಲ್ಯಾಪ್‌ಟಾಪು ಎಲ್ಲ ಹೊತ್ತುಕೊಂಡು ಕುಣಿಗಲ್ಲಿಗೆ ಬಂದಳು. ಲ್ಯಾಪ್‌ಟಾಪು ತೆರೆದು ಆಟ ತೋರಿಸಿದಳು.

"ಇದ್ರಲ್ಲೂ ಹಿಸ್ಟರಿ ಡಿಗ್ರೀನೇ ಮಾಡ್ತಿದ್ಲು ಅಂಕಲ್. ಹಗಲೆಲ್ಲ ಹಿಸ್ಟರಿ ಕೇಳಿ ಸಾಕಾಗಿಲ್ವೇನೇ, ಆಟದಲ್ಲೂ ಅದನ್ನೇ ಕಟ್ಕೊಂಡಿದೀಯಲ್ಲ ಅಂತ ರೇಗಿಸ್ತಿದ್ವಿ. 'ಇಲ್ಲಿ ಫೇಲಾದ್ರೂ ಅಲ್ಲಿ ಪಾಸಾಗ್ತೀನಿ ಬಿಡ್ರೇ' ಅನ್ನೋಳು."

ರಾಮಾಂಜಿನಯ್ಯ ಪರದೆಯನ್ನೇ ನೋಡುತ್ತಿದ್ದ. ಬೊಂಬೆ ಮಂಚದ ಅಂಚಿನಲ್ಲಿ ಕುಳಿತು ಕಾಲು ಆಡಿಸುತ್ತಿತ್ತು.

"ಮುಗುದೈತೇನವ್ವಾ ಡಿಗ್ರಿ?"

"ಇಲ್ಲ. ಎರಡು ಸೆಮಿಸ್ಟರ್ ಬಾಕಿ."

"ನಂಗೆ ಹೇಳ್ಕೊಡು."

ಕೋಮಲಾ ಹೇಳಿಕೊಟ್ಟಳು. ಯಾವುದನ್ನು ಒತ್ತಿದರೆ ಊಟ, ಯಾವುದನ್ನು ಒತ್ತಿದರೆ ಕ್ಲಾಸು ಎಂದು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟಳು. ಮುದುಕನ ಕೈ ನಿಧಾನವೆಂದು, ಪರದೆ ತಾನಾಗಿ ಆರಿಹೋಗದಂತೆ ಸರಿಮಾಡಿದಳು. ಹೊರಡುವಾಗ ಒಂದು ಮಾತು ಹೇಳಿದಳು: "ಇದು ಆಗಾಗ ತಾನೇ ಸೇವ್ ಮಾಡ್ಕೊಳ್ಳುತ್ತೆ ಅಂಕಲ್. ತಪ್ಪಾದ್ರೆ ಹಿಂದಕ್ಕೆ ಹೋಗಕ್ಕಾಗಲ್ಲ."

ಅಂದಿನಿಂದ ಬೆಳಗಿನ ತಿಂಡಿಯಾದ ಮೇಲೆ ಎರಡು ಗಂಟೆ ಅದೇ ಕೆಲಸ. ಆಟದ ಒಂದು ದಿನವೆಂದರೆ ನಮ್ಮ ಅರ್ಧ ಗಂಟೆಗೂ ಕಡಿಮೆ. ಆ ಹೊತ್ತಿನಲ್ಲೇ ಅವಳನ್ನು ಎಬ್ಬಿಸಿ, ಉಣ್ಣಿಸಿ, ಕ್ಲಾಸಿಗೆ ಕಳಿಸಿ, ಓದಿಸಿ, ಮಲಗಿಸಬೇಕು. ಎದ್ದುಹೋಗುವ ಮುಂಚೆ ತಪ್ಪದೆ ಮಲಗಿಸಿ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚುತ್ತಿದ್ದ. ಮರುದಿನ ತೆರೆದರೆ ಮಲಗಿಸಿದ ಮಗ್ಗುಲಲ್ಲೇ ಮಲಗಿರುತ್ತಿದ್ದಳು. ಲಾಯದ ಅಗಳಿ ಹಾಕಿದರೆ ಕುದುರೆ ಎಲ್ಲಿಗೆ ಹೋದೀತು? ತಾನು ಎಬ್ಬಿಸದ ಹೊರತು ಅವಳು ಏಳುವುದಿಲ್ಲವೆಂದೇ ಅವನು ನಂಬಿದ್ದ. ಅವಳನ್ನು ಹಿಡಿದಿಟ್ಟಿದ್ದು ನಿದ್ದೆಯಲ್ಲ, ಆ ಮುಚ್ಚಳ ಎಂದು ಅವನಿಗೆ ಹೇಳಿದವರಿಲ್ಲ.

ಹೆಂಡತಿ ನರಸಿಂಹಮ್ಮ ಆ ಕಡೆ ತಲೆ ಹಾಕುತ್ತಿರಲಿಲ್ಲ. ಅಡುಗೆಮನೆಯಿಂದಲೇ ಕುಟುಕುತ್ತಿದ್ದಳು.

"ಬೊಂಬೆದು ಊಟ ಆಯ್ತಾ? ಇನ್ನ ನಿಮ್ಗೂ ಇಕ್ಕಲಾ?"

"ತಡಿಯೇ, ಲೈಬ್ರರೀಲಿ ಅವ್ಳೆ. ಓದ್ತಾವ್ಳೆ."

"ಏನ್ ಓದ್ತಾಳಂತೆ?"

ಒಂದು ದಿನ ಅವನೂ ಅದನ್ನೇ ನೋಡಲು ಹೋದ. ಚಿತ್ರವನ್ನು ಹತ್ತಿರಕ್ಕೆ ಎಳೆದು, ಕನ್ನಡಕ ಏರಿಸಿಕೊಂಡು, ಅವಳ ಕೈಯ ಪುಸ್ತಕದೊಳಕ್ಕೆ ಇಣುಕಿದ. ರಾಜರೂ ಇರಲಿಲ್ಲ, ರಾಜ್ಯವೂ ಇರಲಿಲ್ಲ. ಕೋಳಿ ಕೆರೆದಂಥ ಗೀರುಗಳು, ಪುಟ ಮಗುಚಿದರೂ ಅವೇ ಗೀರುಗಳು. ಆದರೆ ಮೇಲೆ ಓದಿನ ಪಟ್ಟಿ ಏರುತ್ತಿತ್ತು. ಏರಲಿ, ಪಾಸಾದರೆ ಸಾಕು ಎಂದುಕೊಂಡ. ಹೆಂಡತಿಗೆ ಇದನ್ನು ಹೇಳಲಿಲ್ಲ.

ಒಂದು ಸೆಮಿಸ್ಟರ್ ಮುಗಿಯಿತು. ಎರಡನೆಯದೂ ಮುಗಿಯುತ್ತ ಬಂತು. ನವರಾತ್ರಿಯ ಹೊತ್ತಿಗೆ ಉಳಿದದ್ದು ಒಂದೇ ಪೇಪರು.

ಸರಸ್ವತಿ ಹಬ್ಬದ ದಿನ ಬೆಳಿಗ್ಗೆ ಅವನು ಅದನ್ನು ಬರೆಸಿಬಿಡಬಹುದಿತ್ತು. ಅರ್ಧ ಗಂಟೆಯ ಕೆಲಸ. ಆದರೆ ಮಗಳು ಒಂದನೇ ಕ್ಲಾಸಿನಿಂದ ಪ್ರತಿ ವರ್ಷವೂ ಪುಸ್ತಕಗಳನ್ನು ಪೂಜೆಗಿಟ್ಟೇ ಬೆಳೆದವಳು. ಇಟ್ಟ ಪುಸ್ತಕವನ್ನು ವಿಜಯದಶಮಿಯಂದು ದೇವಿಯನ್ನು ಕದಲಿಸುವವರೆಗೆ ಮುಟ್ಟಬಾರದು, ಕದಲಿಸಿದ ಮೇಲೆ ಮೊದಲು ಬರೆದದ್ದು ಗೆಲ್ಲುತ್ತದೆ. ಕಡೆಯ ಪೇಪರನ್ನು ಆ ದಿನವೇ ಬರೆಸೋಣ ಎಂದು ಅವನು ನಿಶ್ಚಯಿಸಿದ.

ದೇವಿಯ ಪಟದ ಮುಂದೆ ಮಣೆಯ ಮೇಲೆ ಮಗಳ ನೋಟ್ಸುಗಳನ್ನು ಪೇರಿಸಿದ. ಅವಳನ್ನು ಮಲಗಿಸಿ ಲ್ಯಾಪ್‌ಟಾಪನ್ನೂ ಅವುಗಳ ಮೇಲಿಟ್ಟ. ಮುಚ್ಚಲು ಕೈ ಹೋಯಿತು, ಮನಸ್ಸು ಬರಲಿಲ್ಲ. ಆ ತಾಯಿ ಸರಸ್ವತಿ ಮಗುವಿನ ಮುಖ ನೋಡಲಿ ಎಂದು, ತೆರೆದ ಪರದೆಯನ್ನು ದೇವಿಯ ಕಡೆಗೇ ತಿರುಗಿಸಿ, ಕರೆಂಟಿನ ತಂತಿ ಸಿಕ್ಕಿಸಿ, ಅದರ ಬೆನ್ನಿಗೆ ಅರಿಶಿನ ಕುಂಕುಮ ಇಟ್ಟು ಕೈ ಮುಗಿದ.

ಮಧ್ಯಾಹ್ನ ಮಣೆಯ ಕಡೆಯಿಂದ ಸಣ್ಣಗೆ ಗುಬ್ಬಚ್ಚಿ ದನಿಯಂತೆ ಮಾತು ಕೇಳಿತು. ರಾಮಾಂಜಿನಯ್ಯನ ಮುಖ ಅರಳಿತು. ಕನಸಿನಲ್ಲಿ ಪಾಠ ಒಪ್ಪಿಸುತ್ತಿದ್ದಾಳೆ ಎಂದುಕೊಂಡ.

ಮರುದಿನ ಕಡಲೆಕಾಳು ಉಸಲಿಗೆ ಒಗ್ಗರಣೆ ಹಾಕುತ್ತಿದ್ದ ನರಸಿಂಹಮ್ಮ ಸೌಟು ಹಿಡಿದು ಹೊರಗೆ ಬಂದಳು.

"ಅದ್ಯಾಕೋ ಅಳ್ದಂಗೆ ಕೇಳ್ತೈತೆ. ಒಸಿ ನೋಡ್ಬಾರ್ದಾ?"

"ಪೂಜೆಗಿಟ್ಟಿದ್ನ ಮುಟ್ತಾರೇನೇ? ನೀನೇ ಹೇಳ್ತಿದ್ದೆ, ಮುಟ್ಟಿದ್ರೆ ವಿದ್ಯೆ ಹತ್ತಲ್ಲ ಅಂತ."

"ನಾನು ಪುಸ್ತಕಕ್ಕೆ ಹೇಳಿದ್ದು ಕಣಪ್ಪಾ."

"ಇದೂ ಪುಸ್ತಕಾನೇ."

ಅವಳು ಒಗ್ಗರಣೆ ನೋಡಲು ಒಳಗೆ ಹೋದಳು.

ವಿಜಯದಶಮಿಯ ಬೆಳಿಗ್ಗೆ ಮಿಂದು, ಹೊಸ ಪಂಚೆ ಉಟ್ಟು, ದೇವಿಯನ್ನು ಕದಲಿಸಿ, ಅವನು ಲ್ಯಾಪ್‌ಟಾಪನ್ನು ತನ್ನ ಕಡೆಗೆ ತಿರುಗಿಸಿದ.

ಮಂಚದ ಅಂಚಿನಲ್ಲಿ ಒಬ್ಬಳು ಮುದುಕಿ ಕುಳಿತಿದ್ದಳು. ಗುಂಗುರು ಕೂದಲು ಹತ್ತಿಯಂತೆ ಬೆಳ್ಳಗಾಗಿತ್ತು. ಬೆನ್ನು ಬಾಗಿತ್ತು. ಕೋಲುಮುಖ ಮಾತ್ರ ಅದೇ. ಯಾರದೋ ಮನೆಗೆ ಬಂದೆನೇನೋ ಎಂದು ಅವನು ಹೆಸರು ನೋಡಿದ. ಪ್ರಮೀಳಾ.

ಕೋಮಲಾಳಿಗೆ ವಿಡಿಯೋ ಕಾಲ್ ಹಚ್ಚಿದ. ಫೋನನ್ನು ಪರದೆಯ ಕಡೆಗೆ ಹಿಡಿದು ತೋರಿಸಿದ.

"ಅಂಕಲ್, ಮುಚ್ಚಿರಲಿಲ್ವಾ? ಮೂರು ದಿನಾನೂ ಓಡ್ತಾ ಇತ್ತಾ?"

"ಮಲಗ್ಸಿದ್ನಲ್ಲವ್ವಾ."

"ಮಲಗಿದ್ರೂ ಅವ್ರೇ ಏಳ್ತಾರೆ ಅಂಕಲ್. ಮುಚ್ಚಿದ್ರೆ ಮಾತ್ರ ನಿಲ್ಲೋದು. ಅವರಷ್ಟಕ್ಕವರೇ ಊಟ ಮಾಡ್ತಾರೆ, ಅಳ್ತಾರೆ. ಪರೀಕ್ಷೆಗೆ ಮಾತ್ರ ನಾವು ಕಳಿಸ್ದೆ ಹೋಗಲ್ಲ. ಕಾಲೇಜಿಂದ ತೆಗ್ದಾಕಿದಾರೆ ನೋಡಿ, ಎಷ್ಟೋ ಹಿಂದೇನೇ. ಅವಳ ಆಯುಸ್ಸೆಲ್ಲ ಅಲ್ಲೇ ಆಗೋಗಿದೆ."

"ಇನ್ನೊಂದ್ ಪೇಪರು ಬರೆಸ್ಬೌದಾ?"

"ಒಂದಲ್ಲ. ಸೇರ್ಬೇಕು ಅಂದ್ರೆ ಮೊದಲ್ನಿಂದ. ಎಲ್ಲಾ ಸೆಮಿಸ್ಟರೂ."

ಸೇರಿಸಿದ. ಬೇರೆ ಏನು ಮಾಡಿಯಾನು? ಬಗಲಿಗೆ ಬ್ಯಾಗು ಹಾಕಿಕೊಂಡು, ಹುಡುಗರ ನಡುವೆ ಬಾಗಿದ ಬೆನ್ನಿನಲ್ಲಿ ಅವಳು ಕಾಲೇಜಿಗೆ ನಡೆದಳು. ನರಸಿಂಹಮ್ಮ ಬಂದು ಮೊದಲ ಸಲ ಗಂಡನ ಪಕ್ಕ ಕುಳಿತಳು.

"ನಮ್ಮವ್ವ ಇದ್ದಂಗೇ ಅವ್ಳೆ," ಎಂದಳು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು: "ಉಂಡವ್ಳಾ?"

ಅವನು ಉಣ್ಣಿಸಿದ. ಮಲಗಿಸಿದ. ಎಬ್ಬಿಸಿದ. ಎರಡನೆಯ ದಿನವೂ ಕ್ಲಾಸಿಗೆ ಹೋದಳು. ಮೂರನೆಯ ದಿನ ಲೈಬ್ರರಿಯ ಮೆಟ್ಟಿಲ ಮೇಲೆ ಕೈಯ ಪುಸ್ತಕ ಜಾರಿತು. ಅವಳು ಅಲ್ಲೇ ಕುಳಿತಳು, ಆಮೇಲೆ ಒರಗಿದಳು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು ಬಂದವು. ಓದಲು ಬಾರದಿದ್ದರೂ ಏನೆಂದು ಇಬ್ಬರಿಗೂ ತಿಳಿಯಿತು.

ಮೊದಲ ಸಲ ಅವನು ಡಾಕ್ಟರನ್ನು ಬೈದಿದ್ದ, ಸೊಳ್ಳೆಯನ್ನು ಬೈದಿದ್ದ, ಹಣೆಬರಹವನ್ನು ಬೈದಿದ್ದ. ಈ ಸಲ ಬೈಯಲು ತನ್ನ ಕೈಗಳ ಹೊರತು ಏನೂ ಇರಲಿಲ್ಲ. ನರಸಿಂಹಮ್ಮ ಒಂದು ಮಾತು ಆಡಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳು ಎದ್ದು ಹೋಗಿ ಆರಿಹೋದ ಒಲೆಯ ಮುಂದೆ ಕುಳಿತಳು.

ಸಂಜೆ ಕೋಮಲಾಳೇ ಫೋನು ಮಾಡಿದಳು.

"ಅಂಕಲ್, ಬೇಜಾರ್ ಮಾಡ್ಕೋಬೇಡಿ. ಹೊಸಾದು ಮಾಡ್ಕೊಡ್ತೀನಿ. ಅದೇ ಮುಖ, ಅದೇ ಹೆಸ್ರು. ಒಂದು ತಿಂಗಳಲ್ಲಿ ಡಿಗ್ರಿ ಮುಗಿಸ್ಬೋದು."

"ಬ್ಯಾಡ ಕಣವ್ವಾ. ಸತ್ತ ಕುದ್ರೆ ಹೆಸ್ರ ಮರೀಗಿಕ್ಕಲ್ಲ ನಾವು," ಎಂದ ರಾಮಾಂಜಿನಯ್ಯ. "ಬಂದು ಇದ್ನ ತಗೊಂಡೋಗು. ನೋಟ್ಸೂ ತಗೊಂಡೋಗು. ನೀನಾದ್ರೂ ಪರೀಕ್ಷೆ ಬರಿ."